ಕರೆದವರು ನಾವು, ತೆತ್ತವರು ಅವರು

ಹೋರಾಟದ ವೇದಿಕೆಗೆ ಕಲಾವಿದರನ್ನು ಆಹ್ವಾನಿಸುವುದು ನಮ್ಮೆಲ್ಲರ ರೂಢಿ. ಅವರು ಬಂದರೆ ಜನ ಸೇರುತ್ತಾರೆ, ಪತ್ರಿಕೆಗಳಲ್ಲಿ ಚಿತ್ರ ಬರುತ್ತದೆ. ವೇದಿಕೆಯಿಂದ ಇಳಿದ ಮೇಲೆ ಅವರ ಪಾಡೇನಾಯಿತೆಂದು ನಾವು ಎಷ್ಟು ಬಾರಿ ವಿಚಾರಿಸಿದ್ದೇವೆ?

2006ರ ಮಾರ್ಚ್‌ನಲ್ಲಿ ಸರ್ದಾರ್ ಸರೋವರ ಅಣೆಕಟ್ಟಿನ ಎತ್ತರವನ್ನು 110.64 ಮೀಟರಿನಿಂದ 121.92 ಮೀಟರಿಗೆ ಏರಿಸಲು ಅನುಮತಿ ದೊರೆಯಿತು. ನರ್ಮದಾ ಕಣಿವೆಯ ಜನ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕುಳಿತರು. ಏಪ್ರಿಲ್‌ನಲ್ಲಿ ನಟ ಆಮಿರ್ ಖಾನ್ ಅಲ್ಲಿಗೆ ಬಂದು, ನೆಲೆ ಕಳೆದುಕೊಳ್ಳುವವರಿಗೆ ಪುನರ್ವಸತಿ ದೊರೆಯಲೆಂದರು. ಅಣೆಕಟ್ಟೇ ಬೇಡವೆಂದೇನೂ ಅವರು ಹೇಳಲಿಲ್ಲ. ಅಷ್ಟಕ್ಕೇ ಗುಜರಾತಿನಲ್ಲಿ ಕ್ಷಮೆಯಾಚನೆಯ ಒತ್ತಾಯ ಎದ್ದಿತು. ಅವರು ಕ್ಷಮೆ ಕೇಳಲಿಲ್ಲ. ಮೇ ತಿಂಗಳಲ್ಲಿ ಬಿಡುಗಡೆಯಾದ ಅವರ ‘ಫನಾ’ ಚಿತ್ರವನ್ನು ಆ ರಾಜ್ಯದ ಚಿತ್ರಮಂದಿರಗಳು ಬಹುತೇಕ ದೂರವಿಟ್ಟವು. ಆ ಚಿತ್ರದ ಕಥೆಗೂ ನರ್ಮದೆಗೂ ಯಾವ ಸಂಬಂಧವೂ ಇರಲಿಲ್ಲ. ಸರ್ಕಾರದ ನಿಷೇಧಾಜ್ಞೆಯೂ ಬೇಕಾಗಲಿಲ್ಲ; ಭಯವೇ ಆ ಕೆಲಸವನ್ನು ಪೂರೈಸಿತು.

ಅದೇ ನದಿಯ ಪರವಾಗಿ ಲೇಖನಿ ಹಿಡಿದ ಅರುಂಧತಿ ರಾಯ್ ಅವರು, ನರ್ಮದಾ ತೀರ್ಪಿನ ವಿರುದ್ಧ ನಡೆದ ಪ್ರತಿಭಟನೆಯ ಪ್ರಕರಣದಲ್ಲಿ ಸಲ್ಲಿಸಿದ ಪ್ರಮಾಣಪತ್ರದ ಮಾತುಗಳಿಗಾಗಿ 2002ರ ಮಾರ್ಚ್ 6ರಂದು ನ್ಯಾಯಾಂಗ ನಿಂದನೆಯ ಶಿಕ್ಷೆಗೊಳಗಾದರು. ಒಂದು ದಿನದ ಸೆರೆವಾಸ, 2,000 ರೂಪಾಯಿ ದಂಡ.

‘ಕಲಾವಿದನಿಗೇಕೆ ಅಣೆಕಟ್ಟಿನ ಗೊಡವೆ?’ ಎಂದು ಕೇಳುವವರಿದ್ದಾರೆ. ಅದೇ ಕಲಾವಿದ ಸರ್ಕಾರದ ಯೋಜನೆಯನ್ನು ಜಾಹೀರಾತಿನಲ್ಲಿ ಹೊಗಳಿದಾಗ ಈ ಪ್ರಶ್ನೆ ಏಳುವುದಿಲ್ಲ. ಹೊಗಳಿಕೆ ಕಲೆ, ಪ್ರಶ್ನೆ ರಾಜಕೀಯ! ಎಂಥ ನ್ಯಾಯವಿದು?

ಪ್ರಸಿದ್ಧರು ಹೇಗೋ ತಾಳಿಕೊಂಡಾರು. ನಮ್ಮ ಮಲೆನಾಡಿನ ಮೇಳದ ಕಲಾವಿದನ ಮಾತೇನು? ಗಣಿಯ ವಿರುದ್ಧ ಒಂದು ಮಾತಾಡಿದರೆ ಮುಂದಿನ ವರ್ಷ ಆಟಕ್ಕೆ ಕರೆಯೇ ಬಾರದಿರಬಹುದು. ಅವನಿಗೆ ಶಿಕ್ಷೆ ವಿಧಿಸಲು ನ್ಯಾಯಾಲಯ ಬೇಕಿಲ್ಲ. ಅವನ ಪರ ವಾದಿಸಲು ವಕೀಲನೂ ಇರುವುದಿಲ್ಲ. ಇಂಥವನ ಮೌನವನ್ನು ಹೇಡಿತನವೆನ್ನುವ ಹಕ್ಕು ನಮಗಿಲ್ಲ.

ನಮ್ಮ ಸೀಮೆಯ ಒಂದು ನೆನಪನ್ನೂ ಮರೆಯಬಾರದು. ಕೈಗಾ ಅಣುಸ್ಥಾವರವನ್ನು ವಿರೋಧಿಸಿದ ಶಿವರಾಮ ಕಾರಂತರು 1989ರಲ್ಲಿ, ಇಳಿವಯಸ್ಸಿನಲ್ಲಿ, ಪರಿಸರದ ಪ್ರಶ್ನೆಯನ್ನೇ ಮುಂದಿಟ್ಟು ಉತ್ತರ ಕನ್ನಡದಿಂದ ಲೋಕಸಭೆಗೆ ಸ್ಪರ್ಧಿಸಿದರು, ಸೋತರು. ಸನ್ಮಾನದ ಶಾಲು ಹೊದಿಸಲು ಮುಂದಾದ ಕೈಗಳೆಲ್ಲ ಮತಪೆಟ್ಟಿಗೆಯವರೆಗೆ ಚಾಚಲಿಲ್ಲ.

ಆದ್ದರಿಂದ ಈ ಆರೋಪ ಮೊದಲು ನಮ್ಮ ಮೇಲೆಯೇ. ಕಲಾವಿದರ ಕಂಠವನ್ನು ಬಳಸಿಕೊಳ್ಳುವ ನಾವು ಅವರ ನಷ್ಟದಲ್ಲಿ ಪಾಲುದಾರರಾಗದಿದ್ದರೆ, ಅವರನ್ನು ಬೆದರಿಸುವವರ ಕೆಲಸ ಸುಲಭವಾಗುತ್ತದೆ. ನಾಟಕ ನಿಂತರೆ ನಮ್ಮ ಅಂಗಳವನ್ನು ರಂಗಸ್ಥಳಕ್ಕೆ ಬಿಟ್ಟುಕೊಡೋಣ. ಚಿತ್ರ ತಡೆಹಿಡಿದರೆ ಚಿತ್ರಮಂದಿರದ ಮುಂದೆ ಸಾಲಾಗಿ ನಿಂತು ಟಿಕೇಟು ಕೇಳೋಣ. ಆಟ ತಪ್ಪಿದವನಿಗೆ ನಾವೇ ಒಂದು ಆಟ ಆಡಿಸೋಣ. ಇಷ್ಟನ್ನೂ ಮಾಡಲಾರೆವಾದರೆ, ಮುಂದಿನ ಸಭೆಗೆ ಅವರನ್ನು ಕರೆಯದಿರುವ ಪ್ರಾಮಾಣಿಕತೆಯಾದರೂ ನಮಗಿರಲಿ.