ಕೆಟ್ಟದ್ದು ಗಾಡಿ, ಹೋದದ್ದು ಕೀಲಿ!

ನಿಮ್ಮ ಸ್ಕೂಟರ್ ಸೀಟಿನ ಕೆಳಗೆ ಏನೇನಿದೆ ಅಂತ ಎಂದಾದರೂ ನೋಡಿದ್ದೀರಾ? ತರಕಾರಿ ಚೀಲ, ಮಳೆಗಾಲದ ಜರ್ಕಿನ್, ಮಗುವಿನ ನೀರಿನ ಬಾಟಲಿ... ಅಷ್ಟೇ ಅಲ್ವಾ? ಗಾಡಿ ಕೊಂಡಾಗ ಕೊಟ್ಟ ಪುಟ್ಟ ಟೂಲ್‌ಕಿಟ್ ಕೂಡ ಅಲ್ಲೇ ಮೂಲೆಯಲ್ಲಿರುತ್ತದೆ. ನಮ್ಮನೆಯದ್ದು ನಾಲ್ಕು ವರ್ಷ ಹಾಗೇ ಬಿದ್ದಿತ್ತು.

ಕಳೆದ ತಿಂಗಳು ಒಂದು ಭಾನುವಾರ ನಾನು, ನಾದಿನಿ ಹೊಸಪೇಟೆಯಿಂದ ಬೆಳಿಗ್ಗೆಯೇ ಹೊರಟೆವು. ಸುಮಾರು 13 ಕಿ.ಮೀ. ದೂರದ ಹಂಪಿಯಲ್ಲಿ ವಿರೂಪಾಕ್ಷನ ದರ್ಶನ, ಆಮೇಲೆ ಕಮಲಾಪುರದ ಮೇಲೆ ಕಂಪ್ಲಿಗೆ ಹೋಗಿ ಚಿಕ್ಕಮ್ಮನ ಮನೆಯಲ್ಲಿ ಊಟ, ಸಂಜೆ ವಾಪಸ್. ಕಮಲಾಪುರ ದಾಟಿ ಸ್ವಲ್ಪ ದೂರ ಹೋಗಿದ್ದೆವಷ್ಟೆ, ಗಾಡಿ ಎರಡು ಸಲ ಕೆಮ್ಮಿ ನಿಂತೇಬಿಟ್ಟಿತು. ಸೆಲ್ಫ್ ಒತ್ತಿದರೂ ಇಲ್ಲ, ಕಿಕ್ ಹೊಡೆದರೂ ಇಲ್ಲ. ಪೆಟ್ರೋಲ್ ನೋಡಿದರೆ ಬೇಕಾದಷ್ಟಿದೆ. ಅಕ್ಕಪಕ್ಕ ಬಾಳೆತೋಟ, ನೆತ್ತಿ ಮೇಲೆ ಬಿಸಿಲು!

ಹೊಲದ ಕಡೆ ಹೊರಟಿದ್ದ ಹಿರಿಯರೊಬ್ಬರು ಬೈಕ್ ನಿಲ್ಲಿಸಿ, "ಪ್ಲಗ್ ಪಾನಾ ಐತೇನ್ರವ್ವಾ?" ಎಂದರು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಹುಡುಕಿದರೆ ಟೂಲ್‌ಕಿಟ್‌ನಲ್ಲೇ ಇತ್ತು! ಇಂಜಿನ್ ಆರುವ ತನಕ ಕಾದು ಪ್ಲಗ್ ಬಿಚ್ಚಿದರು. ಅದರ ತುದಿಗೆ ಕಟ್ಟಿದ್ದ ಮಸಿಯನ್ನು ಬೆಂಕಿಪೊಟ್ಟಣದ ಪಕ್ಕಕ್ಕೆ ಉಜ್ಜಿ ತೆಗೆದು ಮತ್ತೆ ಕೂರಿಸಿದರು. ಒಂದೇ ಕಿಕ್, ಗಾಡಿ ಸ್ಟಾರ್ಟ್! ಕಾದದ್ದು ಬಿಟ್ಟರೆ ಐದು ನಿಮಿಷದ ಕೆಲಸ. "ನೋಡ್ಕೊಂಡ್ರಿಲ್ಲ? ಮುಂದಿನ ಸಲ ನೀವ ಮಾಡ್ಕೋರಿ" ಎಂದು ಹೊರಟೇಹೋದರು.

ತೊಂದರೆ ಶುರುವಾದದ್ದು ಮನೆಗೆ ಬಂದ ಮೇಲೆ. "ಹೆಂಗಸರಿಬ್ಬರೇ ಅಷ್ಟು ದೂರ ಯಾಕೆ ಹೋಗ್ಬೇಕಿತ್ತು? ಇನ್ಮೇಲೆ ಬಸ್ಸಿಗೆ ಹೋಗಿ" ಎಂದರು ಅತ್ತೆ. ನಾದಿನಿ ಕೀಲಿ ಕೊಟ್ಟವಳು ವಾರಗಟ್ಟಲೆ ಕೇಳಲೇ ಇಲ್ಲ. ಆದರೆ ಹೋದ ವರ್ಷ ಸಂಡೂರಿನ ದಾರಿಯಲ್ಲಿ, ಅದಿರು ಲಾರಿಗಳ ಧೂಳಿನಲ್ಲಿ, ನಮ್ಮ ಯಜಮಾನರ ಬೈಕ್ ಪಂಕ್ಚರ್ ಆಗಿ ಎರಡು ತಾಸು ನಿಂತಿದ್ದೆವು. ಆಗ ಎಲ್ಲರೂ ಬೈದದ್ದು ಟೈರಿಗೆ! ಅವರ ಕೀಲಿಯನ್ನು ಯಾರೂ ಎತ್ತಿಡಲಿಲ್ಲ. ಗಂಡಸರ ಗಾಡಿ ಕೆಟ್ಟರೆ ಗಾಡಿಯ ತಪ್ಪು, ನಮ್ಮದು ಕೆಟ್ಟರೆ ನಮ್ಮ ತಪ್ಪು. ಇದ್ಯಾವ ನ್ಯಾಯ?

ಅತ್ತೆಯ ಭಯ ಸುಳ್ಳಲ್ಲ. ದಾರಿ ಮಧ್ಯೆ ನಿಂತಾಗ ನಮಗೂ ಎದೆ ಹೊಡೆದುಕೊಂಡಿತ್ತು. ಆ ಭಯಕ್ಕೆ ಮದ್ದೆಂದರೆ ಪಾನಾ ಹಿಡಿಯಲು ಕಲಿಯುವುದು. ಕುಕ್ಕರ್ ಗ್ಯಾಸ್ಕೆಟ್ ಬದಲಿಸುವ ಕೈಗೆ ಇದೇನು ದೊಡ್ಡದಲ್ಲ.

* ಮುಂದಿನ ಸರ್ವಿಸ್‌ನಲ್ಲಿ ಪಕ್ಕದಲ್ಲೇ ನಿಂತು ಪ್ಲಗ್ ಬಿಚ್ಚಿ ಹಾಕುವುದನ್ನು ಕಲಿಯಿರಿ. ಬಿಸಿ ಇಂಜಿನ್ ಮುಟ್ಟಬೇಡಿ. ಪ್ಲಗ್ಗನ್ನು ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿ, ಆಮೇಲೆ ಪಾನಾ ಹಾಕಿ.

* ಒಂದು ಹೊಸ ಪ್ಲಗ್, ಮರಳು ಕಾಗದದ ಚೂರು, ಹಳೇ ಬಟ್ಟೆ ಸೀಟಿನಡಿ ಇರಲಿ.

* ಹೊರಡುವ ಮುನ್ನ ಗಾಳಿ, ಪೆಟ್ರೋಲ್, ಬ್ರೇಕ್ ನೋಡಿ.

* ಸೀರೆ, ದುಪಟ್ಟಾ ಚಕ್ರಕ್ಕೆ ಸಿಗದಂತೆ ಬಿಗಿಯಾಗಿ ಸಿಕ್ಕಿಸಿ. ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ.

* ದಾರಿಯ ಪಂಕ್ಚರ್ ಅಂಗಡಿಯ ನಂಬರ್ ಬರೆದುಕೊಳ್ಳಿ. ತುರ್ತು ಸಹಾಯಕ್ಕೆ 112 ನೆನಪಿರಲಿ.

ನಾದಿನಿ ಮೊನ್ನೆ ಅಂಗಳದಲ್ಲಿ ಅತ್ತೆಯ ಎದುರೇ ಪ್ಲಗ್ ಬಿಚ್ಚಿ ಹಾಕಿದಳು. ಕೀಲಿ ಮತ್ತೆ ಅವಳ ಕೈ ಸೇರಿದೆ. ಮುಂದಿನ ತಿಂಗಳು ಸಂಡೂರಿನ ಕುಮಾರಸ್ವಾಮಿ ಗುಡಿಗೆ ಹೊರಟಿದ್ದೇವೆ. ನೀವೂ ಇವತ್ತೇ ಒಮ್ಮೆ ಸೀಟೆತ್ತಿ ನೋಡಿ, ಗೆಳತಿಯರೇ!