ಹಡಗನ್ನೇರುವ ಮುನ್ನಾದಿನ

ಸಕುಟುಂಬರಾಗಿ ಕಡಲಯಾನಕ್ಕೆ ಹೊರಡುವ ಗೃಹಸ್ಥರು ಹಡಗು ಬಿಡುವ ದಿನವೇ ಬಂದರಿಗೆ ಧಾವಿಸುವುದು ಉಚಿತವಲ್ಲವೆಂಬುದು ನಮ್ಮ ಅಭಿಪ್ರಾಯವು. ರೈಲು ತಡವಾಯಿತೆಂದು ಹಡಗು ಕಾಯದು. ತಪ್ಪಿದವರು ಅದನ್ನು ಹಿಡಿಯಲು ಬೇರೊಂದು ಊರಿಗೋ ಬೇರೊಂದು ದೇಶಕ್ಕೋ ಹೋಗಬೇಕಾದೀತು. ಆದುದರಿಂದ ಮುನ್ನಾದಿನವೇ ತಲಪಿ, ಆ ದಿನವನ್ನು ಸಾರ್ಥಕಪಡಿಸಿಕೊಳ್ಳುವುದು ಮೇಲು.

ಕೊಚ್ಚಿಯನ್ನೇ ನೋಡಿರಿ. 1524ರಲ್ಲಿ ಅಲ್ಲಿ ಮೃತನಾದ ವಾಸ್ಕೋ ಡ ಗಾಮನನ್ನು ಮೊದಲು ಹೂಳಿದ್ದು ಸಂತ ಫ್ರಾನ್ಸಿಸರ ಇಗರ್ಜಿಯಲ್ಲಿ. ಅಸ್ಥಿಗಳನ್ನು ಬಳಿಕ ಪೋರ್ಚುಗಲ್ಲಿಗೆ ಒಯ್ದರು. ಮಟ್ಟಾಂಚೇರಿಯ ಅರಮನೆಯ ಗೋಡೆಗಳ ಮೇಲೆ ರಾಮಾಯಣದ ಚಿತ್ರಗಳಿವೆ; ಮಕ್ಕಳಿಗೆ ಅವನ್ನು ತೋರಿಸತಕ್ಕದ್ದು. ಪಕ್ಕದಲ್ಲೇ 1568ರ ಯೆಹೂದ್ಯ ಪ್ರಾರ್ಥನಾಮಂದಿರವಿದೆ. ಶನಿವಾರವು ಅವರ ವಿಶ್ರಾಂತಿದಿನವಾದುದರಿಂದ ಅಂದು ಸಂದರ್ಶಕರಿಗೆ ಪ್ರವೇಶವಿಲ್ಲ. ಸಂಜೆ ದಡದಲ್ಲಿ, ಕಲ್ಲುಗಳ ಭಾರದಿಂದ ಏರಿಳಿಯುವ ಚೀನೀ ಬಲೆಗಳನ್ನು ಖರ್ಚಿಲ್ಲದೆ ನೋಡಬಹುದು.

ಹಡಗುಗಳು ತಂಗುವ ವಿಲ್ಲಿಂಗ್ಡನ್ ದ್ವೀಪದ ಬಹುಭಾಗವು ಮನುಷ್ಯಕೃತವು. ಇಂಜಿನಿಯರ್ ರಾಬರ್ಟ್ ಬ್ರಿಸ್ಟೋ ಅವರು 1920ರ ದಶಕದಿಂದ ಬಂದರಿಗಾಗಿ ಅಗೆಸಿದ ಹೂಳೇ ಇಂದು ನಮ್ಮ ಕಾಲ ಕೆಳಗಿನ ನೆಲವಾಗಿದೆ. ಹಡಗಿಗೆ ದಾರಿ ಮಾಡಿಕೊಟ್ಟ ಆ ಶ್ರಮವನ್ನರಿತು ಏರುವವರಿಗೆ ಯಾನವು ಇನ್ನಷ್ಟು ಹಿತವಾದೀತು.

ಔಷಧಿಗಳನ್ನೂ ಪ್ರಯಾಣಪತ್ರಗಳನ್ನೂ ಕೈಚೀಲದಲ್ಲಿಯೇ ಇಟ್ಟುಕೊಳ್ಳಿರಿ. ಆ ರಾತ್ರಿ ಬೇಗನೆ ಮಲಗಿರಿ.