ದಿನದ ಓಡಾಟಕ್ಕೆ ಎಂಥ ಟೈರು?

ಸುಮಾರು ೧೨೦೦ ಕಿಲೋಗ್ರಾಂ ತೂಗುವ ಮೋಟಾರುಕಾರೊಂದು ಎಷ್ಟು ಜಾಗದಲ್ಲಿ ನೆಲವನ್ನು ಮುಟ್ಟಿಕೊಂಡಿರುತ್ತದೆ? ಲೆಕ್ಕ ಸುಲಭವಾದದ್ದು. ಒಂದೊಂದು ಚಕ್ರಕ್ಕೂ ೩೦೦ ಕಿಲೋಗ್ರಾಂ ಭಾರ ಬರುತ್ತದೆಂದು ಹಿಡಿಯೋಣ. ಟೈರಿನೊಳಗಣ ಗಾಳಿಯ ಒತ್ತಡ ಚದರ ಸೆಂಟಿಮೀಟರಿಗೆ ೨.೨ ಕಿಲೋಗ್ರಾಂ. ಭಾರವನ್ನು ಒತ್ತಡದಿಂದ ಭಾಗಿಸಿದರೆ ದೊರೆಯುವುದು ೧೩೬ ಚದರ ಸೆಂಟಿಮೀಟರು. ಟೈರಿನ ಮೈಗೆ ತನ್ನದೇ ಆದ ಬಿಗುವಿರುವುದರಿಂದ ನಿಜವಾದ ಅಳತೆ ಸ್ವಲ್ಪ ಬೇರೆಯಾದೀತು. ಆದರೂ ಅದು ಬೆರಳುಗಳೂ ಸೇರಿದಂತೆ ದೊಡ್ಡವರ ಒಂದು ಅಂಗೈಯಷ್ಟೇ. ಕಾರು ಹೊರಡುವುದು, ತಿರುಗುವುದು, ಅಡ್ಡ ಬಂದ ಮಗುವಿನ ಮುಂದೆ ನಿಲ್ಲುವುದು, ಎಲ್ಲವೂ ಈ ನಾಲ್ಕು ಅಂಗೈಗಳ ಹಿಡಿತದಿಂದಲೇ ನಡೆಯಬೇಕು.

ಈ ಹಿಡಿತವನ್ನು ಒದಗಿಸಲು ಎರಡು ಬಗೆಯ ಟೈರುಗಳು ಪೇಟೆಯಲ್ಲಿವೆ. ಟೂರಿಂಗ್ ಟೈರು ಎಂಬುದು ದೂರದ ಪ್ರಯಾಣವನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ಅದರ ರಬ್ಬರು ನಿಧಾನವಾಗಿ ಸವೆಯುತ್ತದೆ, ಪಕ್ಕೆ ಎತ್ತರವಾಗಿರುತ್ತದೆ, ಓಟದಲ್ಲಿ ಸದ್ದು ಕಡಿಮೆ. ಪರ್ಫಾರ್ಮೆನ್ಸ್ ಟೈರಿನ ರಬ್ಬರು ಮೆದು, ಮೈ ಅಗಲ, ಪಕ್ಕೆ ಗಿಡ್ಡ ಮತ್ತು ಬಿಗಿ. ಸ್ಟಿಯರಿಂಗನ್ನು ಒಂದಿಷ್ಟು ತಿರುಗಿಸಿದರೂ ಅದು ಒಡನೆಯೇ ಓಗೊಡುತ್ತದೆ. ತರುಣರ ಕಣ್ಣು ಎರಡನೆಯದರ ಮೇಲೆ ಬೀಳುವುದು ಸಹಜ. ನನ್ನ ಮತದಲ್ಲಿ ದಿನವೂ ಓಡುವ ಕಾರಿಗೆ ಮೊದಲನೆಯದೇ ತಕ್ಕದ್ದು. ಆದರೆ ಅದರ ಪರವಾಗಿ ಸಾಮಾನ್ಯವಾಗಿ ಹೇಳುವ ಕಾರಣಗಳು, ಎಂದರೆ ಬೆಲೆ ಮತ್ತು ಸುಖ, ಬಲವಾದ ಕಾರಣಗಳಲ್ಲ.

ಘರ್ಷಣೆಯು ತಾಗುವ ಕ್ಷೇತ್ರವನ್ನು ಅವಲಂಬಿಸಿಲ್ಲವೆಂದು ಶಾಲೆಯ ಪಾಠದಲ್ಲಿ ಓದಿದ್ದೇವೆ. ರಬ್ಬರು ಈ ನಿಯಮಕ್ಕೆ ಪೂರ್ತಿಯಾಗಿ ತಲೆಬಾಗುವುದಿಲ್ಲ. ಅದು ರಸ್ತೆಯ ಜಲ್ಲಿಯ ಸಣ್ಣ ಮೊನೆಗಳ ಮೇಲೆ ತಗ್ಗಿ, ಮತ್ತೆ ಮೇಲೇಳುತ್ತದೆ. ತಗ್ಗುವಾಗ ಪಡೆದ ಶಕ್ತಿಯನ್ನೆಲ್ಲ ಏಳುವಾಗ ಹಿಂದಿರುಗಿಸುವುದಿಲ್ಲ. ಒಂದು ಪಾಲು ಶಾಖವಾಗಿ ಹೋಗುತ್ತದೆ. ಹಿಸ್ಟರಿಸಿಸ್ ಎಂದು ಕರೆಯುವ ಈ ನಷ್ಟವೇ ಹಿಡಿತದ ಒಂದು ಮುಖ್ಯ ಮೂಲ. ಅಣುಗಳ ಅಂಟುವಿಕೆ ಇನ್ನೊಂದು. ಮೆದು ರಬ್ಬರು ಕಚ್ಚಿ ಹಿಡಿಯುವುದಕ್ಕೂ, ಬೇಗ ಸವೆಯುವುದಕ್ಕೂ, ಪೆಟ್ರೋಲನ್ನು ತುಸು ಹೆಚ್ಚು ಕುಡಿಯುವುದಕ್ಕೂ ಬೇರು ಒಂದೇ ಕಡೆ ಇದೆ. ೧೯೯೦ರ ದಶಕದ ಆದಿಯಲ್ಲಿ ಮಿಷೆಲಿನ್ ಕಂಪನಿಯವರು ರಬ್ಬರಿಗೆ ಬೆರೆಸುವ ಇಂಗಾಲದ ಪುಡಿಯ ಒಂದು ಪಾಲಿನ ಬದಲು ಸಿಲಿಕವನ್ನು ಸೇರಿಸಿ, ಉರುಳುವಾಗಿನ ನಷ್ಟವನ್ನು ಇಳಿಸಿದರು. ಒದ್ದೆ ನೆಲದ ಹಿಡಿತವನ್ನೂ ಕಾಯ್ದುಕೊಂಡರು. ಇಂದಿನ ಒಳ್ಳೆಯ ಟೂರಿಂಗ್ ಟೈರು ಹಿಂದಿನಂತೆ ಬರಿಯ ಗಟ್ಟಿ ರಬ್ಬರಲ್ಲ ಎಂಬುದಕ್ಕೆ ಇದೂ ಒಂದು ಕಾರಣ.

ಈಗ ಎದುರು ಪಕ್ಷದ ಅತ್ಯಂತ ಬಲವಾದ ವಾದಕ್ಕೆ ಬರೋಣ. ಹಿಡಿತ ಹೆಚ್ಚಿದಷ್ಟೂ ಕಾರು ಬೇಗ ನಿಲ್ಲುತ್ತದೆ. ಪ್ರಾಣದ ಮಾತಿನಲ್ಲಿ ಜಿಪುಣತನವೇಕೆ ಎಂದು ಅವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದು. ಒಣ ರಸ್ತೆಯಲ್ಲಿ ಒಂದು ಟೈರಿನ ಘರ್ಷಣಾಂಕ ೦.೯, ಇನ್ನೊಂದರದು ೧.೦ ಎಂದಿಟ್ಟುಕೊಳ್ಳಿ. ಗಂಟೆಗೆ ೬೦ ಕಿಲೋಮೀಟರು ವೇಗದಿಂದ ಬ್ರೇಕು ಒತ್ತಿದರೆ ಮೊದಲನೆಯದು ೧೫.೭ ಮೀಟರು, ಎರಡನೆಯದು ೧೪.೨ ಮೀಟರು ಓಡಿ ನಿಲ್ಲುತ್ತದೆ. (ವೇಗದ ವರ್ಗವನ್ನು, ಘರ್ಷಣಾಂಕ ಮತ್ತು ಗುರುತ್ವ ವೇಗೋತ್ಕರ್ಷಗಳ ಗುಣಲಬ್ಧದ ಎರಡರಷ್ಟರಿಂದ ಭಾಗಿಸಿ ನೋಡಬಹುದು.) ವ್ಯತ್ಯಾಸ ಒಂದೂವರೆ ಮೀಟರು. ಆದರೆ ಅದೇ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ೧೬.೭ ಮೀಟರು ಸಾಗುತ್ತದೆ. ಹೀಗಾಗಿ ದುಬಾರಿ ಟೈರು ಗಳಿಸಿಕೊಟ್ಟ ದೂರವನ್ನು, ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ತಡವಾಗಿ ಬ್ರೇಕು ಒತ್ತಿದ ಚಾಲಕ ಕಳೆದುಬಿಡುತ್ತಾನೆ. ಕೈಯಲ್ಲಿ ದೂರವಾಣಿ ಹಿಡಿದವನ ಪಾಡನ್ನು ಹೇಳಬೇಕಾದದ್ದೇ ಇಲ್ಲ.

ಆದರೂ ಆ ಒಂದೂವರೆ ಮೀಟರನ್ನು ನಾನು ತಾತ್ಸಾರ ಮಾಡಲಾರೆ. ಮಗುವೊಂದು ನಿಂತಿರಲು ಅರ್ಧ ಮೀಟರು ಸಾಕು. ನನ್ನ ಸಂಶಯವಿರುವುದು, ಆ ಹಿಡಿತ ಎಷ್ಟು ದಿನ ಉಳಿಯುತ್ತದೆ ಎಂಬುದರಲ್ಲಿ. ಅಮೆರಿಕದಲ್ಲಿ ಮಾರುವ ಟೈರುಗಳ ಪಕ್ಕೆಯ ಮೇಲೆ ಸವೆತದ ಅಂಕವೊಂದನ್ನು ಅಚ್ಚೊತ್ತಿರುತ್ತಾರೆ. ಟೆಕ್ಸಾಸಿನ ಸಾನ್ ಆಂಜೆಲೊ ಎಂಬ ಊರಿನ ಬಳಿ ೪೦೦ ಮೈಲಿಯ ಗೊತ್ತಾದ ದಾರಿಯಲ್ಲಿ ಓಡಿಸಿ, ಮಾದರಿ ಟೈರಿನ ಸವೆತದೊಡನೆ ಹೋಲಿಸಿ ಕಟ್ಟಿದ ಅಂಕವಿದು. ಕಂಪನಿಗಳು ತಮ್ಮ ಟೈರಿಗೆ ತಾವೇ ಅಂಕ ಕೊಟ್ಟುಕೊಳ್ಳುವುದರಿಂದ ಅದನ್ನು ತಕ್ಕಡಿಯಲ್ಲಿ ತೂಗಿದ ಸತ್ಯವೆನ್ನಲಾಗದು. ಆದರೂ ಟೂರಿಂಗ್ ಟೈರಿಗೆ ೫೦೦, ೬೦೦ ಇರುವ ಕಡೆ ಪರ್ಫಾರ್ಮೆನ್ಸ್ ಟೈರಿಗೆ ೩೦೦ ಅಥವಾ ಅದಕ್ಕೂ ಕಡಿಮೆ ಇರುವುದು ಸಾಮಾನ್ಯ.

ಸವೆದ ಟೈರಿಗೆ ದೊಡ್ಡ ವೈರಿ ಮಳೆನೀರು. ಮೇಲ್ಮೈಯಲ್ಲಿ ಕೊರೆದ ಕಾಲುವೆಗಳು ನೀರನ್ನು ಪಕ್ಕಕ್ಕೆ ತಳ್ಳಲಾರದೆ ಹೋದಾಗ ಟೈರು ನೀರಿನ ಮೇಲೆ ತೇಲತೊಡಗುತ್ತದೆ. ಆಗ ಬ್ರೇಕೂ ಸ್ಟಿಯರಿಂಗೂ ನಿಷ್ಪ್ರಯೋಜಕ. ವಿಮಾನದ ಚಕ್ರಗಳಿಗಾಗಿ ಇದನ್ನು ಶೋಧಿಸಿದ ನಾಸಾ ಸಂಸ್ಥೆಯ ಹಾರ್ನ್ ಮತ್ತು ಡ್ರೆಹರ್ ೧೯೬೩ರಲ್ಲಿ ಒಂದು ಸೂತ್ರವನ್ನು ಕೊಟ್ಟರು. ಚದರ ಅಂಗುಲಕ್ಕೆ ಇಷ್ಟು ಪೌಂಡು ಎಂದು ಅಳೆದ ಗಾಳಿಯ ಒತ್ತಡದ ವರ್ಗಮೂಲವನ್ನು ೧೦.೩೫ರಿಂದ ಗುಣಿಸಿದರೆ, ತೇಲುವ ವೇಗ ಮೈಲಿಗಳಲ್ಲಿ ದೊರೆಯುತ್ತದೆ. ೩೨ ಪೌಂಡು ಗಾಳಿಯಿದ್ದರೆ ಗಂಟೆಗೆ ಸುಮಾರು ೯೪ ಕಿಲೋಮೀಟರು. ಗಾಳಿ ೨೦ಕ್ಕೆ ಇಳಿದಿದ್ದರೆ ಸುಮಾರು ೭೪. ಈ ಸೂತ್ರ ನುಣುಪಾದ ಟೈರಿಗೆ, ಅಥವಾ ಕಾಲುವೆಯ ಆಳವನ್ನೂ ಮೀರಿದ ನೀರಿಗೆ ಅನ್ವಯಿಸತಕ್ಕದ್ದು. ಹೊಸ ಟೈರಿನ ಕಾಲುವೆಗಳು ಸುಮಾರು ೮ ಮಿಲಿಮೀಟರು ಆಳವಿರುತ್ತವೆ. ೧.೬ ಮಿಲಿಮೀಟರಿಗೆ ಬಂದರೆ ಕಾನೂನಿನ ಪ್ರಕಾರವೇ ಅದರ ಆಯುಸ್ಸು ಮುಗಿಯಿತು. ಪರ್ಫಾರ್ಮೆನ್ಸ್ ಟೈರು ಹೊಸದಾಗಿರುವಾಗ ಮಳೆಯಲ್ಲಿಯೂ ಸೊಗಸಾಗಿ ಹಿಡಿಯುತ್ತದೆ, ನಿಜ. ಅದು ಬೇಗ ಸವೆಯುತ್ತದೆ. ಬೆಲೆ ಹೆಚ್ಚೆಂಬ ಕಾರಣಕ್ಕೇ ಯಜಮಾನನು ಅದನ್ನು ಇನ್ನೊಂದು ಮಳೆಗಾಲಕ್ಕೆ ಎಳೆಯುತ್ತಾನೆ. ಶ್ರಾವಣದ ಶಿರಾಡಿ ಘಾಟಿಯಲ್ಲಿ, ಸವೆದ ದುಬಾರಿ ಟೈರಿಗಿಂತ ಕಾಲುವೆ ಆಳವಾಗಿರುವ ಸಾಧಾರಣ ಟೈರನ್ನೇ ನಾನು ನಂಬುವೆನು.

ಗುಂಡಿಗಳ ಮಾತೂ ಉಂಟು. ಪಕ್ಕೆಯ ಮೇಲಿನ ೧೮೫/೬೫ ಎಂಬ ಬರಹಕ್ಕೆ ೧೮೫ ಮಿಲಿಮೀಟರು ಅಗಲ, ಅದರ ನೂರಕ್ಕೆ ೬೫ರಷ್ಟು, ಎಂದರೆ ೧೨೦ ಮಿಲಿಮೀಟರು, ಪಕ್ಕೆಯ ಎತ್ತರ ಎಂದರ್ಥ. ೨೨೫/೪೦ ಆದರೆ ಎತ್ತರ ೯೦ ಮಾತ್ರ. ಗುಂಡಿಯ ಏಟನ್ನು ನುಂಗಲು ಅಷ್ಟೇ ಜಾಗ. ಉಳಿದದ್ದನ್ನು ರಿಮ್ಮು ಸಹಿಸಬೇಕು. ಗಂಟೆಗೆ ೨೭೦ ಕಿಲೋಮೀಟರು ತಾಳುವೆನೆಂದು ಸಾರುವ ಡಬ್ಲ್ಯು ಅಕ್ಷರವನ್ನು ಪಕ್ಕೆಯ ಮೇಲೆ ಹೊತ್ತ ಟೈರು ಬೆಂಗಳೂರಿನ ಸಿಲ್ಕ್ ಬೋರ್ಡ್ ಕೂಡುರಸ್ತೆಯಲ್ಲಿ ತೆವಳುವುದನ್ನು ಕಂಡಾಗ ನಗು ತಡೆಯುವುದು ಕಷ್ಟ.

ಶೀತದೇಶಗಳಲ್ಲಿರುವ ಕನ್ನಡಿಗರು ಇನ್ನೊಂದನ್ನು ಗಮನಿಸಬೇಕು. ಬೇಸಗೆಗೆಂದೇ ಮಾಡಿದ ಪರ್ಫಾರ್ಮೆನ್ಸ್ ಟೈರಿನ ರಬ್ಬರು ಸುಮಾರು ೭ ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗೆ ಬಿಗಿದುಕೊಂಡು ಹಿಡಿತವನ್ನು ಕಳೆದುಕೊಳ್ಳುತ್ತದೆ. ಷಿಕಾಗೋದಂಥ ಊರಿನಲ್ಲಿ ಅದನ್ನು ಚಳಿಗಾಲಕ್ಕೆ ಮುಂಚೆಯೇ ಬಿಚ್ಚಿಡಬೇಕು.

ವೇಗದ ಓಟಕ್ಕೆಂದು ಕಟ್ಟಿದ ಕಾರಿಗೆ ಅದರ ತಯಾರಕರು ಹೇಳಿದ ಟೈರನ್ನೇ ಹಾಕತಕ್ಕದ್ದು. ಅಲ್ಲಿ ನನ್ನ ವಾದ ನಡೆಯದು. ಮಿಕ್ಕವರು ಟೂರಿಂಗ್ ಟೈರುಗಳಲ್ಲಿಯೇ ಒದ್ದೆ ನೆಲದ ಹಿಡಿತ ಚೆನ್ನಾಗಿರುವುದನ್ನು ಆರಿಸಿಕೊಳ್ಳಲಿ. ಯೂರೋಪಿನಲ್ಲಿ ಮಾರುವ ಟೈರುಗಳಿಗೆ ೨೦೧೨ರಿಂದ ಈ ಗುಣದ ದರ್ಜೆಯನ್ನು ತೋರಿಸುವ ಚೀಟಿ ಕಡ್ಡಾಯವಾಗಿದೆ. ಅಲ್ಲಿ ಎ ಎಂಬುದು ಮೊದಲ ದರ್ಜೆ. ಕೊಳ್ಳುವಾಗ ಪಕ್ಕೆಯ ಮೇಲಿನ ನಾಲ್ಕು ಅಂಕಿಗಳನ್ನೂ ಓದಿಕೊಳ್ಳಬೇಕು: ಮೊದಲೆರಡು ಟೈರು ತಯಾರಾದ ವಾರ, ಕೊನೆಯೆರಡು ವರ್ಷ.